ಅತ್ತೆಯ ಕ್ರೀಮು, ಅಮ್ಮನ ಡಬ್ಬಿ

ನನ್ನ ತವರು ಭದ್ರಾವತಿ. ಮಳೆಗಾಲ ಶುರುವಾದರೆ ಅಲ್ಲಿ ಮೊಟ್ಟೆ ತುಂಬಿದ ಮೀನು ಬರುತ್ತದೆ. ಅಮ್ಮ ಆ ಮೊಟ್ಟೆಗೆ ಖಾರದ ಪುಡಿ, ಬೆಳ್ಳುಳ್ಳಿ ಹಚ್ಚಿ, ಹೆಂಚಿನ ಮೇಲೆ ಹುರಿದು, ಸ್ಟೀಲ್ ಡಬ್ಬಿಗೆ ತುಂಬಿ ಕೊಡುತ್ತಾಳೆ. ಶಿವಮೊಗ್ಗದ ನನ್ನ ಗಂಡನ ಮನೆಯ ಹೊಸ್ತಿಲು ದಾಟುವ ಯೋಗ ಆ ಡಬ್ಬಿಗೆ ಇರಲಿಲ್ಲ. ಮೀನು, ಮಾಂಸ ಮನೆಯೊಳಗೆ ಬರಕೂಡದು; ಪ್ರೀತಿಸಿ ಮದುವೆಯಾದಾಗ ಅತ್ತೆ ಹಾಕಿದ್ದ ಒಂದೇ ಷರತ್ತು ಅದು. ಹಾಗಾಗಿ ಗೇಟಿನ ಬಳಿ ಸ್ಕೂಟರ್ ನಿಲ್ಲಿಸಿ, ಡಿಕ್ಕಿಯಿಂದ ಡಬ್ಬಿ ತೆಗೆದು, ನಿಂತಲ್ಲೇ ತಿಂದು, ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಒಳಗೆ ಹೋಗುತ್ತಿದ್ದೆ. "ಬಿಸಿ ಮಾಡ್ಕಂಡು ತಿಂದ್ಯಾ?" ಎಂದು ಅಮ್ಮ ಫೋನಿನಲ್ಲಿ ಕೇಳಿದರೆ, ಹ್ಞೂಂ ಎನ್ನುತ್ತಿದ್ದೆ.

ಈಚೆಗೆ ಅತ್ತೆಗೆ ಮುಖದ ಸುಕ್ಕಿನ ಚಿಂತೆ ಹತ್ತಿತು. ಸವಳಂಗ ರಸ್ತೆಯ ಪಾರ್ಲರಿನವಳು ಒಂದು ದುಬಾರಿ ಕ್ರೀಮು ಕೊಟ್ಟು, ಫ್ರಿಜ್ಜಿನಲ್ಲೇ ಇಡಿ ಎಂದಳಂತೆ. ಅತ್ತೆ ಅದನ್ನು ನೈವೇದ್ಯದ ಹಾಲಿನ ಪಕ್ಕ ಇಟ್ಟರು. ಬೆಳಿಗ್ಗೆ ಸ್ನಾನ ಮಾಡಿ, ಅದನ್ನು ಹಚ್ಚಿಕೊಂಡೇ ಪೂಜೆಗೆ ಕೂರುವರು. ಒಂದು ದಿನ ಹಾಲು ತೆಗೆಯುವಾಗ ಅದರ ಮೇಲಿನ ಸಣ್ಣ ಅಕ್ಷರ ಓದಿದೆ. ಕ್ಯಾವಿಯರ್ ಎಕ್ಸ್‌ಟ್ರ್ಯಾಕ್ಟ್. ಮೊಬೈಲಿನಲ್ಲಿ ಹುಡುಕಿದರೆ, ಮೀನಿನ ಮೊಟ್ಟೆಯ ಸಾರ! ನನಗೆ ಮೈಯೆಲ್ಲ ಉರಿದುಹೋಯಿತು.

ಗಂಡನಿಗೆ ತೋರಿಸಿದೆ. "ಸುಮ್ನಿರು ಮಾರಾಯ್ತಿ, ಅಮ್ಮಂಗೆ ಗೊತ್ತಾದ್ರೆ ಇಡೀ ಮನೆ ತೊಳಿಸ್ತಾಳೆ" ಎಂದ. ತೊಳೆಸಲಿ ಎಂದುಕೊಂಡು ಅತ್ತೆಗೆ ಹೇಳಿಯೇಬಿಟ್ಟೆ.

ಅತ್ತೆ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಮೀನೇ ಹಾಕಿರ್ತಾರೇನೇ? ಸಾರ ತೆಗ್ದು ಔಷಧಿ ಥರ ಮಾಡಿರ್ತಾರೆ. ಹೊರಗಡೆ ಹಚ್ಕೊಳ್ಳೋದು ತಾನೇ."

"ಹಾಗಾದ್ರೆ ಅಮ್ಮ ಕೊಡೋ ಡಬ್ಬೀನೂ ಒಳಗೆ ತರ್ಲಾ ಅತ್ತೆ?"

"ಅದೇ ಬೇರೆ, ಇದೇ ಬೇರೆ."

ಏನು ಬೇರೆ? ಹೊರದೇಶದ ಮೀನು ಚಿನ್ನದ ಬಣ್ಣದ ಮುಚ್ಚಳ ಹಾಕಿಕೊಂಡು ಬಂದರೆ ಮಡಿ, ಭದ್ರಾ ಹೊಳೆಯದು ಸ್ಟೀಲ್ ಡಬ್ಬಿಯಲ್ಲಿ ಬಂದರೆ ಮೈಲಿಗೆಯೇ? ಇಷ್ಟು ವರ್ಷ ಗೇಟಿನ ಬಳಿ ಕಳ್ಳಿಯ ಹಾಗೆ ತಿಂದದ್ದು ನೆನೆದು ಅಳುವೇ ಬಂತು. ಅಮ್ಮನಿಗೆ ಹೇಳಿದ ಸುಳ್ಳುಗಳನ್ನು ನೆನೆದು ಇನ್ನೂ ಜೋರಾಗಿ.

ಮುಂದಿನ ಸಲ ಭದ್ರಾವತಿಯಿಂದ ಬಂದವಳು ಗೇಟಿನ ಬಳಿ ನಿಲ್ಲಲಿಲ್ಲ. ನೇರ ಅಡುಗೆಮನೆಗೆ ಹೋಗಿ, ಡಬ್ಬಿಯನ್ನು ಫ್ರಿಜ್ಜಿನಲ್ಲಿ ಕ್ರೀಮಿನ ಪಕ್ಕವೇ ಇಟ್ಟೆ. ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಬಾಗಿಲು ತೆಗೆದರು.

"ಏನೇ ಇದು?"

"ಅಮ್ಮ ಕೊಟ್ಟಿದ್ದು ಅತ್ತೆ. ಮೀನಿನ ಮೊಟ್ಟೆ. ಬಿಸಿ ಮಾಡ್ಕೊಂಡು ತಿಂತೀನಿ."

ಬೀದಿಗೆ ಎಸೆದರೆ ನಾನೂ ಬೀದಿಗೇ ಇಳಿಯುವುದು ಎಂದು ತೀರ್ಮಾನಿಸಿದ್ದೆ. ಅತ್ತೆ ಡಬ್ಬಿಯನ್ನು ಮುಟ್ಟಲಿಲ್ಲ. ಅವಸರದಿಂದ ತಮ್ಮ ಕ್ರೀಮನ್ನು ಹೊರಗೆ ತೆಗೆದು, ಸೆರಗಿನಿಂದ ಒರೆಸಿದರು.

"ಇದಕ್ಕೆ ಮೀನಿನ ವಾಸ್ನೆ ಹಿಡಿದ್ರೆ ಏನ್ ಗತಿ" ಎಂದು ಗೊಣಗುತ್ತ ರೂಮಿಗೆ ಹೋದರು. ನೈವೇದ್ಯದ ಹಾಲು ಅಮ್ಮನ ಡಬ್ಬಿಯ ಪಕ್ಕದಲ್ಲೇ ಉಳಿಯಿತು.