ತಡವಾಗಿ ಬರುವ ನಗು

ನನ್ನ ಅಪ್ಪ ಡೋಣಿಯ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಊರಿನವರಿಗೆ ಅವರ ಮೇಲೆ ಬಹಳ ಗೌರವ. ಒಂದು ವಿಷಯದಲ್ಲಿ ಮಾತ್ರ ಮುಸಿಮುಸಿ ನಗುತ್ತಿದ್ದರು. ಮನಸ್ಸು ಮನುಷ್ಯರ ಸ್ವತ್ತಲ್ಲ, ಅದು ಎಲ್ಲದರಲ್ಲೂ ಇದೆ, ಒಂದೊಂದರದು ಒಂದೊಂದು ವೇಗ ಅಷ್ಟೇ ಎಂದು ಅಪ್ಪ ಗಟ್ಟಿಯಾಗಿ ನಂಬಿದ್ದರು. ನೊಣದ ಮನಸ್ಸು ಬಹಳ ಚುರುಕು, ಆದ್ದರಿಂದಲೇ ನಾವು ಜೋರಾಗಿ ಬೀಸಿದ ಕೈ ಅದಕ್ಕೆ ತೆವಳಿಕೊಂಡು ಬಂದಂತೆ ಕಾಣುತ್ತದೆ. ಎಮ್ಮೆಯದು ನಮಗಿಂತ ತುಸು ನಿಧಾನ. ಬೇವಿನ ಮರ ಒಂದು ವಿಚಾರ ಮಾಡಬೇಕಾದರೆ ಒಂದು ಮಳೆಗಾಲವೇ ಬೇಕು. ಇನ್ನು ಕಪ್ಪತಗುಡ್ಡದ್ದಂತೂ ಕೇಳಲೇಬೇಡಿ.

ರವಿವಾರ ನನ್ನನ್ನು ಗುಡ್ಡದ ಕಡೆ ಕರೆದೊಯ್ದಾಗ ಬಂಡೆಯ ಮೇಲೆ ಕೈಯಿಟ್ಟು, "ನಾವು ಬಂದದ್ದು ಇದಕ್ಕ ಇನ್ನೂ ಗೊತ್ತಾಗಿಲ್ಲ ನೋಡವಾ" ಎನ್ನುತ್ತಿದ್ದರು. ಅದನ್ನು ನಾನು ಮನೆಗೆ ಬಂದು ಹೇಳಿದರೆ ಅವ್ವ ಒಲೆಯ ಮುಂದಿನಿಂದಲೇ ಕೂಗುವಳು.

"ಗುಡ್ಡ ವಿಚಾರ ಮಾಡಿ ಮುಗಸೂದ್ರೊಳಗ ನನ್ನ ಒಲಿ ಆರಿ ಹೋಗತೈತಿ. ಮೊದಲ ಕಟಗಿ ತಂದು ಕೊಡ್ರಿ!"

ನನಗೆ ಒಂಬತ್ತು ವರ್ಷವಾಗಿದ್ದಾಗ ತಂಗಿ ಹುಟ್ಟಿದಳು. ದುಂಡು ಮುಖ, ದಟ್ಟ ಹುಬ್ಬು. ವರ್ಷ ತುಂಬಿದರೂ ಕೂರಲಿಲ್ಲ. ಎರಡಾದರೂ ಕರೆದತ್ತ ತಿರುಗಲಿಲ್ಲ, ಗಿಲಕಿ ಆಡಿಸಿದರೆ ನೋಡಲಿಲ್ಲ. ಅಪ್ಪ ಅವ್ವ ಅವಳನ್ನು ಗದಗಿನ ಡಾಕ್ಟರರ ಬಳಿ ಒಯ್ದರು; ನಾನೂ ಹೋಗಿದ್ದೆ. ವಯಸ್ಸಾದ, ಮೆತ್ತಗೆ ಮಾತಾಡುವ ಮನುಷ್ಯ. ತಂಗಿಯ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದರು, ಕಣ್ಣಿನ ಮುಂದೆ ಬ್ಯಾಟರಿ ಆಡಿಸಿದರು. ಆಮೇಲೆ ಅಪ್ಪನ ಹೆಗಲ ಮೇಲೆ ಕೈಯಿಟ್ಟರು.

"ಮಾಸ್ತರ್ರ, ಸುಳ್ಳು ಹೇಳೂದಿಲ್ಲ. ಬುದ್ಧಿ ಬೆಳಿಯೂದು ಕಷ್ಟ ಐತಿ. ಪ್ರೀತಿಲೆ ನೋಡಿಕೋರಿ."

ಬಸ್ಸಿನಲ್ಲಿ ಅಪ್ಪ ಇಡೀ ದಾರಿ ಕಿಟಕಿಯ ಹೊರಗೇ ನೋಡುತ್ತಿದ್ದರು. ಆ ದಿನದಿಂದ ಅವರು ಗುಡ್ಡದ ಮಾತು, ಮರದ ಮಾತು ಎಲ್ಲವನ್ನೂ ನಿಲ್ಲಿಸಿಬಿಟ್ಟರು. ರವಿವಾರ ನಾನೇ "ಹೋಗೂಣೇನಪ್ಪಾ?" ಎಂದರೆ, "ಬ್ಯಾಡವಾ, ಬಿಸಲೈತಿ" ಎನ್ನುವರು.

ಕೆಲವು ತಿಂಗಳ ಮೇಲೆ ಒಂದು ಮುಂಜಾನೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಂಗಿ ಪಕ್ಕದಲ್ಲಿ ಕೌದಿಯ ಮೇಲೆ ಮಲಗಿದ್ದಳು. ನನ್ನ ಕೈಯಿಂದ ತಾಮ್ರದ ಕೊಡ ಜಾರಿ ಕಲ್ಲಿನ ಮೇಲೆ ಬಿತ್ತು. ಓಣಿಗೆಲ್ಲ ಕೇಳುವ ಸದ್ದು. ತಂಗಿ ಅಲುಗಲಿಲ್ಲ. ಅವ್ವ ನನ್ನನ್ನು ಬೈದಳು, ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು, ನೀರು ಸವರಿದಳು, ಮಗುಚಿದಳು. ಆಗ ತಂಗಿ ಎರಡೂ ಕೈ ಎತ್ತಿ ಬೆಚ್ಚಿಬಿದ್ದು ಅಳತೊಡಗಿದಳು. ಮನೆಯಲ್ಲಿ ಆಗ ಯಾವ ಸದ್ದೂ ಇರಲಿಲ್ಲ.

ಅವ್ವ ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟಳು. ರೊಟ್ಟಿ ಕರಿದಾಯಿತು. ಆಮೇಲೆ ತಂಗಿಯನ್ನು ಸಮಾಧಾನ ಮಾಡಿ ಒಮ್ಮೆ ಹೆಸರು ಹಿಡಿದು ಕರೆದು, ಬಾಯಿಗೆ ಬೆರಳಿಟ್ಟು ನನಗೂ ಸುಮ್ಮನಿರಲು ಹೇಳಿ ಕುಳಿತಳು. ಅಪ್ಪ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವ್ವನ ಕೆನ್ನೆಯೆಲ್ಲ ಒದ್ದೆ.

"ಇಕಿಗೆ ಕೇಳಸ್ತೈತ್ರಿ! ತಡಾ ಆಗಿ ಕೇಳಸ್ತೈತಿ!"

ಅಪ್ಪ ನಂಬಲಿಲ್ಲ. "ನಿನಗ ಆಸೆ ಭಾಳ ಐತಿ, ಅದಕ್ಕ ಹಂಗ ಕಾಣತೈತಿ" ಎಂದು ಅಂಗಿ ಹುಡುಕತೊಡಗಿದರು. ಅವ್ವನಿಗೆ ಸಿಟ್ಟು ಬಂತು.

"ಗುಡ್ಡಕ್ಕ ಮನಸ್ಸೈತಿ ಅಂತ ಊರ ತುಂಬ ಹೇಳಿಕೋತ ತಿರಗ್ಯಾಡಿದ್ರಿ. ಹೆತ್ತ ಮಗಳಿಗೆ ಇಲ್ಲೇನ್ರಿ? ಕುಂಡ್ರಿ ಇಲ್ಲಿ. ಒಮ್ಮಿ ಕರೀರಿ. ಕರದು ಬಾಯಿ ಮುಚಗೊಂಡು ಕುಂಡ್ರಿ."

ಅಪ್ಪ ಕುಳಿತರು. "ಪುಟ್ಟೀ" ಎಂದು ಮೆಲ್ಲಗೆ ಕರೆದರು. ನಾವು ಮೂವರೂ ಕಾದೆವು. ಹೊರಗೆ ಯಾರದೋ ಚಕ್ಕಡಿ ಹಾದುಹೋಯಿತು. ಅಪ್ಪ ಏಳಲು ನೋಡಿದರು; ಅವ್ವ ಅವರ ಧೋತರದ ಅಂಚು ಹಿಡಿದು ಕೂಡಿಸಿದಳು. ಸ್ವಲ್ಪ ಹೊತ್ತಿಗೆ ತಂಗಿಯ ಕತ್ತು ನಿಲ್ಲಲು ಬಂದ ತೊಟ್ಟಿಲಷ್ಟು ನಿಧಾನವಾಗಿ ಅಪ್ಪನತ್ತ ಹೊರಳಿತು. ಕಣ್ಣು ಅವರ ಮುಖವನ್ನು ಹುಡುಕಿ, ಸಿಕ್ಕಮೇಲೆ ಅಲ್ಲೇ ನಿಂತಿತು. ತುಟಿ ಅಗಲವಾಯಿತು. ಅಪ್ಪ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿದರು. ಅಂದು ಅವರು ಶಾಲೆಗೆ ತಡವಾಗಿ ಹೋದರು.

ಅಲ್ಲಿಂದ ನಮ್ಮ ಮನೆಯ ನಡೆಯೇ ಬದಲಾಯಿತು. ತಂಗಿಯನ್ನು ಒಂದು ಸಲಕ್ಕೆ ಒಂದೇ ಮಾತು ಕೇಳಬೇಕು. ಉತ್ತರ ಬರುವ ಮುಂಚೆ ಇನ್ನೊಂದು ಕೇಳಿದರೆ ಎರಡೂ ಕಲಸಿಹೋಗಿ ಅವಳು ಗೋಳಾಡುತ್ತಿದ್ದಳು. ಬೆಲ್ಲ ಬೇಕೇ ಎಂದು ಕೇಳಿ ನಾನು ಒಂದು ಪಾಠ ಓದಿಕೊಳ್ಳುತ್ತಿದ್ದೆ. ಮುಗಿಯುವಷ್ಟರಲ್ಲಿ ಅವಳ ಬಾಯಿ ತೆರೆದಿರುತ್ತಿತ್ತು. ಅಪ್ಪ ಶಾಲೆಯಲ್ಲೂ ಕಾಯುವುದನ್ನು ಕಲಿತರು. ಪ್ರಶ್ನೆ ಕೇಳಿ, ಉತ್ತರ ಬಾರದ ಹುಡುಗನ ಮುಂದೆ ಸುಮ್ಮನೆ ನಿಲ್ಲುವರು. ಮೊದಲಾಗಿದ್ದರೆ "ಕುಂಡ್ರಲೇ" ಎಂದು ಮುಂದೆ ಹೋಗುತ್ತಿದ್ದವರು.

ಪಕ್ಕದ ಮನೆಯಲ್ಲಿ ಶೇಂಗಾ ವ್ಯಾಪಾರ ಮಾಡುವ ಮುಸಲ್ಮಾನರ ಕುಟುಂಬವಿತ್ತು. ಆ ಮನೆಯಾಕೆಯನ್ನು ನಾವು ಚಾಚಿ ಎನ್ನುತ್ತಿದ್ದೆವು. ಚಾಚಿಗೆ ಮಧ್ಯಾಹ್ನ ಶೇಂಗಾ ಸುಲಿಯುತ್ತ ತಂಗಿಯ ಮುಂದೆ ಕುಳಿತು ನಗೆಚಾಟಿಕೆ ಮಾಡುವುದೆಂದರೆ ಇಷ್ಟ. ಗಂಡನ ಗೊರಕೆ, ಆಡಿನ ಕೆಮ್ಮು, ಮೋಟಾರು ಕೆಟ್ಟ ಬಸ್ಸು, ಎಲ್ಲವನ್ನೂ ಮಾಡಿ ತೋರಿಸುವಳು. ತಂಗಿ ಕಲ್ಲಿನಂತೆ ನೋಡುತ್ತಿರುವಳು. ಚಾಚಿ ಶೇಂಗಾದ ಮೊರ ಎತ್ತಿಕೊಂಡು ತನ್ನ ಮನೆ ಸೇರಿದ ಮೇಲೆ ಇಲ್ಲಿ ಕಿಲಕಿಲ ನಗು ಹುಟ್ಟುವುದು. ನಾನು ಗೋಡೆಯ ಬಳಿ ಓಡುತ್ತಿದ್ದೆ.

"ಚಾಚೀ, ನಕ್ಕಳೂ!"

"ಯಾವದಕ್ಕವಾ? ಆಡಿಗೋ, ಚಾಚಾನ ಗೊರಕಿಗೋ?"

ಅದು ನಮಗೂ ಗೊತ್ತಿರುತ್ತಿರಲಿಲ್ಲ. ಆದರೆ ಗೋಡೆಯಾಚೆ ಚಾಚಿಯೂ ನಗತೊಡಗುವಳು.

ತಂಗಿ ಆರು ವರ್ಷಕ್ಕೆ ಗೋಡೆ ಹಿಡಿದು ನಿಂತಳು. ಏಳಕ್ಕೆ "ಅವ್ವ" ಎಂದಳು. ಅಪ್ಪ ಅವಳನ್ನು ಮತ್ತೆ ಆ ಡಾಕ್ಟರರ ಬಳಿ ಕರೆದೊಯ್ದು ತೋರಿಸಿಕೊಂಡು ಬಂದರು. ಡಾಕ್ಟರು ಬೇರೆ ಪೇಷಂಟುಗಳನ್ನು ಹೊರಗೆ ಕೂಡಿಸಿ, ಅವಳನ್ನು ಮಾತಾಡಿಸಿ, ಗಡಿಯಾರ ನೋಡದೆ ಕಾದರಂತೆ. ಅಷ್ಟು ಕಾದದ್ದಕ್ಕೆ ಅವಳು ಅವರ ಕನ್ನಡಕ ಕಿತ್ತುಕೊಂಡಳೆಂದು ಅಪ್ಪ ಹೆಮ್ಮೆಯಿಂದ ಹೇಳಿದರು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನನ್ನ ಮದುವೆಯಾಯಿತು, ಲಕ್ಷ್ಮೇಶ್ವರಕ್ಕೆ. ಕಳಿಸಿಕೊಡುವಾಗ ಅವ್ವ, ಚಾಚಿ, ಓಣಿಯ ಹೆಂಗಸರು ಎಲ್ಲರೂ ಅತ್ತರು. ತಂಗಿ ಕಟ್ಟೆಯ ಮೇಲೆ ಹೊಸ ಲಂಗ ಹಾಕಿಕೊಂಡು ಸುಮ್ಮನೆ ಕುಳಿತಿದ್ದಳು. ನಾನು ಅವಳ ಗಲ್ಲ ಹಿಡಿದು "ಹೋಗಿ ಬರ್ಲೇನು?" ಎಂದೆ. ಗಂಡನ ಮನೆಯವರು "ಜಲ್ದಿ, ಜಲ್ದಿ" ಎನ್ನುತ್ತಿದ್ದರು. ಉತ್ತರಕ್ಕೆ ಕಾಯಲು ಆಗಲಿಲ್ಲ.

ಮುಂದಿನ ವಾರ ಅಪ್ಪ ಉಂಡಿ, ಚಕ್ಕುಲಿ ಹೊತ್ತು ಲಕ್ಷ್ಮೇಶ್ವರಕ್ಕೆ ಬಂದರು. ನೀರು ಕುಡಿದು, ಗ್ಲಾಸು ಕೆಳಗಿಟ್ಟು ಹೇಳಿದರು:

"ನಿಮ್ಮ ಗಾಡಿ ಊರು ದಾಟಿತ್ತವಾ. ಆವಾಗ ತಲಿ ಅಲ್ಲಾಡಿಸಿ 'ಬ್ಯಾಡ' ಅಂದ್ಲು. ಅವತ್ತಿನ ತನಕಾ ಆ ಮಾತು ಆಡಿದಾಕೀನ ಅಲ್ಲ."

ಆ ಸಂಜೆಯೇ ನಾನು ಗಂಡನನ್ನು ಕೇಳಿಕೊಂಡು ಅಪ್ಪನ ಜೊತೆ ಡೋಣಿಗೆ ಹೋದೆ. ಹೋದವಳೇ ತಂಗಿಯ ಪಕ್ಕ ಕುಳಿತು "ಬಂದೆ ನೋಡ" ಎಂದೆ. ಅವಳು ಮುಂದೆ ನೋಡುತ್ತಲೇ ಇದ್ದಳು. ಅವ್ವ ಚಹಾ ಮಾಡಿ ತಂದಳು, ನಾನು ಕುಡಿದೆ. ಆಮೇಲೆ ಅವಳು ನನ್ನ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆ ರಾತ್ರಿ ಬಿಡಲಿಲ್ಲ.

ಆಮೇಲೆ ಪ್ರತಿ ಬೇಸಿಗೆಗೆ ಅವಳು ಲಕ್ಷ್ಮೇಶ್ವರಕ್ಕೆ ಬಂದಿರುತ್ತಿದ್ದಳು. ನನ್ನ ಮಗಳಿಗೆ ಮಾತು ಬರುವ ಹೊತ್ತಿಗೆ ಚಿಗವ್ವನ ರೀತಿ ತಾನಾಗಿಯೇ ತಿಳಿದುಹೋಗಿತ್ತು. ನಾವು ಯಾರೂ ಹೇಳಿಕೊಟ್ಟಿರಲಿಲ್ಲ. "ಚಿಗವ್ವಾ, ಗೊಂಬಿಗೆ ಕೆಂಪು ಅಂಗಿ ಹಾಕಲ್ಯೋ, ಹಸರೋ?" ಎಂದು ಕೇಳುವಳು. ಕೇಳಿ ಅಂಗಳಕ್ಕೆ ಓಡಿಹೋಗಿ ಕುಂಟಾಟ ಆಡುವಳು. ಒಂದು ಆಟ ಮುಗಿಸಿ, ಏದುಸಿರು ಬಿಡುತ್ತ ಬಂದು ಚಿಗವ್ವನ ಮುಂದೆ ನಿಂತು, ಅವಳ ಬೆರಳು ತೋರಿದತ್ತ ನೋಡಿ, "ಹಸರಾ? ಆತು" ಎಂದು ಗೊಂಬೆಗೆ ಅಂಗಿ ತೊಡಿಸುತ್ತಿದ್ದಳು.