ಒಂದೇ ಸೀಸೆ, ಇಬ್ಬರು ವಾರಗಿತ್ತಿಯರು

ಬೆಳಗಿನ ಆರೂಕಾಲು. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಜೀವಕೋಶ ಬೆಳೆಸುವ ಕೋಣೆ. ಇಲ್ಲಿ ಫ್ಯಾನು ಹಾಕುವಂತಿಲ್ಲ. ಗಾಳಿಯಲ್ಲಿ ಒಂದು ಬೂಷ್ಟಿನ ಕಣ ಬಂದು ಕೂತರೂ ವಾರಗಟ್ಟಲೆಯ ದುಡಿಮೆ ನೀರುಪಾಲು. ಎಲ್ಲರ ಬಾಯಲ್ಲೂ ಬರೀ 'ಅಕ್ಕ' ಆಗಿರುವ ಈ ಐವತ್ತೆರಡರ ಹೆಂಗಸು ಅಂಗೈಯಗಲದ ಪ್ಲಾಸ್ಟಿಕ್ ಸೀಸೆಯಿಂದ ಕೆಂಪು ದ್ರವವನ್ನು ಹೀರಿ ತೆಗೆಯುತ್ತಾರೆ. ಉಪ್ಪುನೀರಿನಲ್ಲಿ ಒಮ್ಮೆ ತೊಳೆಯುತ್ತಾರೆ. ಸಾಲದೆಂದು ಇನ್ನೊಮ್ಮೆ. ಆಮೇಲೆ ಎರಡು ಮಿಲಿ ಟ್ರಿಪ್ಸಿನ್ ಬಿಡುತ್ತಾರೆ.

"ಇದು ಕತ್ತರಿ ಅಂದ್ಕೊಳ್ಳಿ," ಅನ್ನುತ್ತಾರೆ. "ಕೋಶಗಳು ಸೀಸೆ ತಳಕ್ಕೆ ಕಚ್ಕೊಂಡು ಕೂತಿರ್ತವೆ. ಆ ಹಿಡಿತದ ಪ್ರೋಟೀನನ್ನ ಇದು ಕತ್ತರಿಸುತ್ತೆ, ಅವು ಬಿಟ್ಕೊಂಡು ತೇಲ್ತವೆ. ಮೂರು ನಿಮಿಷ ಸಾಕು. ಜಾಸ್ತಿ ಬಿಟ್ರೆ ಕೋಶಾನೇ ತಿಂದುಹಾಕುತ್ತೆ. ತೇಲಿದ ತಕ್ಷಣ ಸೀರಮ್ ಹಾಕಿ ಇದರ ಬಾಯಿ ಮುಚ್ಚಿಸ್ಬೇಕು." ಸೀರಮ್ ಎಂದರೆ ರಕ್ತದ ತಿಳಿ. ಆ ಕೆಂಪು ದ್ರವದಲ್ಲೂ ಅದು ಬೆರೆತಿರುತ್ತದೆ; ಕೋಶಗಳಿಗೆ ಅದೇ ಊಟ, ಟ್ರಿಪ್ಸಿನ್‌ಗೆ ಅದೇ ಬೀಗ.

ದೇಹದೊಳಗೂ ಇಂಥ ಕತ್ತರಿಗಳು ನೂರಾರಿವೆ. ಉಂಡದ್ದನ್ನು ಅರಗಿಸಲು, ಗಾಯದಲ್ಲಿ ರಕ್ತ ಹೆಪ್ಪುಗಟ್ಟಿಸಲು, ಕೋಶದ ಹಳೆಯ ಕಸವನ್ನು ಚೂರು ಮಾಡಲು ಒಂದೊಂದು. "ಹೊತ್ತಲ್ಲದ ಹೊತ್ತಲ್ಲಿ ಕತ್ತರಿಸಿದ್ರೂ ಕಾಯಿಲೆ, ಕತ್ತರಿಸದೇ ಕೂತ್ರೂ ಕಾಯಿಲೆ," ಎಂದು ಅಕ್ಕ ಕೈಗವಸು ಕಳಚುತ್ತಾರೆ. ಇಪ್ಪತ್ತೇಳು ವರ್ಷ ಸ್ಪಿರಿಟ್ಟಿನಲ್ಲಿ ನೆನೆದ ಬೆರಳುಗಳು ಸೀಳುಬಿಟ್ಟಿವೆ.

ಓದಿದ್ದು ಹತ್ತನೇ ತರಗತಿ. ಸೇರಿದ್ದು ಸೀಸೆ ತೊಳೆಯುವ ಕೆಲಸಕ್ಕೆ. ನೋಡಿ ನೋಡಿ ಕಲಿತು ಈಗ ದಿನಕ್ಕೆ ನಲವತ್ತು ಸೀಸೆ ಸಾಕುತ್ತಾರೆ. ಕೋಶಗಳಿಗೆ ಭಾನುವಾರವಿಲ್ಲ, ಹಾಗಾಗಿ ಅಕ್ಕನಿಗೂ ಇಲ್ಲ.

ಎಂಟು ವರ್ಷದ ಹಿಂದೆ ಮೈದುನನ ಹೆಂಡತಿಯನ್ನು ಇಲ್ಲಿಗೆ ಕರೆತಂದು ಸೇರಿಸಿದ್ದೂ ಇವರೇ. ಕೈಹಿಡಿದು ಕಲಿಸಿದ್ದೂ ಇವರೇ. ಅವಳ ಬಳಿ ಡಿಗ್ರಿ ಇತ್ತು, ಇವರ ಬಳಿ ಇರಲಿಲ್ಲ. ಇಂದು ಬಾಗಿಲ ಮೇಲಿನ ಫಲಕದಲ್ಲಿ ಮುಖ್ಯಸ್ಥೆ ಎಂದು ವಾರಗಿತ್ತಿಯ ಹೆಸರಿದೆ. ಅವಳು ಸ್ಕೂಟರಿನಲ್ಲಿ ಬರುತ್ತಾಳೆ, ಅಕ್ಕ ಮೊದಲ ಬಸ್ಸಿನಲ್ಲಿ.

"ಇಲ್ಲಿ ನಾನು ಅವಳನ್ನ 'ಮೇಡಂ' ಅನ್ಬೇಕು. ಮನೆಗೆ ಹೋದ್ರೆ ಅದೇ ಮೇಡಂ ಬಚ್ಚಲಿಂದ 'ಅಕ್ಕಾ, ಟವೆಲ್ ಕೊಡು' ಅಂತ ಕೂಗ್ತಾಳೆ! ಅತ್ತೆ ಬೇರೆ, ಬಂದವರ ಮುಂದೆಲ್ಲ 'ನಮ್ಮ ಚಿಕ್ಕ ಸೊಸೆ ದೊಡ್ಡ ಆಫೀಸರು' ಅಂತಾರೆ. ದೊಡ್ಡ ಸೊಸೆ ಏನು ಅಂತ ಯಾರೂ ಕೇಳಲ್ಲ. ಹೊಟ್ಟೆಕಿಚ್ಚು ಇಲ್ವಾ ಅಂದ್ರೆ ಇದೆ. ಧಾರಾಳವಾಗಿ ಇದೆ."

ಆ ಕಿಚ್ಚು ಕಳೆದ ವರ್ಷ ಒಂದು ಮಗುವಿನವರೆಗೂ ಹೋಗಿ ಮುಟ್ಟಿತ್ತು.

ಐದು ವರ್ಷದ ಹುಡುಗಿ. ಓಡಾಡಿಕೊಂಡಿದ್ದವಳು ಮುಗ್ಗರಿಸತೊಡಗಿದ್ದಳು, ಕಲಿತ ಮಾತು ಒಂದೊಂದಾಗಿ ಮರೆಯುತ್ತಿತ್ತು, ಫಿಟ್ಸ್ ಬರುತ್ತಿತ್ತು. ಕೋಶದ ಕಸ ಕತ್ತರಿಸುವ ಒಂದು ಕತ್ತರಿ ಹುಟ್ಟಿನಿಂದಲೇ ಇಲ್ಲವೇನೋ ಎಂದು ಡಾಕ್ಟರಿಗೆ ಅನುಮಾನ. ಖಚಿತವಾದರೆ ಆ ಕತ್ತರಿಯನ್ನೇ ಹೊರಗಿನಿಂದ ಕೊಡುವ ಔಷಧಿ ಶುರುಮಾಡಬಹುದು, ತಡವಾದಷ್ಟೂ ನಷ್ಟ. ಪರೀಕ್ಷೆಗೆಂದು ಅವಳ ಮೈಯಿಂದ ಅಕ್ಕಿಕಾಳಿನಷ್ಟು ಚರ್ಮ ಬಂತು. ಅದರ ಕೋಶಗಳನ್ನು ಅಕ್ಕ ಆರು ವಾರ ಸಾಕಿದರು. ಬೆಳೆದದ್ದು ಒಂದೇ ಸೀಸೆ.

ಕೋಶ ಬಿಡಿಸುವ ದಿನ ಡಾಕ್ಟರು ಫಲಿತಾಂಶಕ್ಕೆ ಕಾಯುತ್ತಿದ್ದರು. "ಇದನ್ನ ನಾನೇ ಮಾಡ್ತೀನಿ, ನೀವು ಹೊರಗಿರಿ," ಎಂದಳು ವಾರಗಿತ್ತಿ. ಆರು ವಾರದ ಮಗುವನ್ನು ತೊಡೆಯಿಂದ ಎತ್ತಿಕೊಂಡ ಹಾಗಾಯಿತು ಅಕ್ಕನಿಗೆ. ಗಾಜಿನಾಚೆ ನಿಂತು ನೋಡಿದರು. ಅವಸರದಲ್ಲಿ ಅವಳು ಸೀಸೆ ತೊಳೆಯಲೇ ಇಲ್ಲ. ಒಳಗುಳಿದ ಸೀರಮ್ ಟ್ರಿಪ್ಸಿನ್‌ನ ಬಾಯಿ ಮುಚ್ಚಿತು. ಐದು ನಿಮಿಷವಾದರೂ ಒಂದು ಕೋಶವೂ ಕದಲಲಿಲ್ಲ. ಅವಳು ಅದನ್ನು ಚೆಲ್ಲಿ, ಹೊಸ ಟ್ರಿಪ್ಸಿನ್ ಹಾಕಿ, ಹತ್ತು ನಿಮಿಷಕ್ಕೆ ಟೈಮರ್ ಇಟ್ಟು ಡಾಕ್ಟರ ಫೋನಿಗೆ ಓಗೊಟ್ಟಳು. ಚೆಲ್ಲಿದಾಗ ಸೀರಮ್ಮೂ ಹೋಗಿತ್ತಲ್ಲ, ಈ ಸಲ ಕತ್ತರಿಗೆ ತಡೆಯೇ ಇರಲಿಲ್ಲ.

"ನನಗೆ ಗೊತ್ತಾಯ್ತು. ಕೂಗಬಹುದಿತ್ತು, ಕೂಗ್ಲಿಲ್ಲ," ಅಕ್ಕನ ದನಿ ತಗ್ಗುತ್ತದೆ. "ಹಾಳಾಗ್ಲಿ, ಮೇಡಂಗಿರಿ ಮಣ್ಣುಪಾಲಾಗ್ಲಿ ಅನ್ನಿಸ್ತು. ಇದನ್ನ ಬರೀಬೇಡಿ. ಆಮೇಲೆ ಸೀಸೆ ಮೇಲೆ ನಾನೇ ಅಂಟಿಸಿದ್ದ ಚೀಟಿ ನೆನಪಾಯ್ತು. ಹೆಣ್ಣು, ವಯಸ್ಸು ಐದು. ಅಯ್ಯೋ ಪಾಪಿ ಅಂತ ನನ್ನನ್ನೇ ಬೈಕೊಂಡು ಒಳಗೆ ನುಗ್ಗಿದೆ."

ಅಷ್ಟರಲ್ಲಿ ಆರು ನಿಮಿಷ ಕಳೆದಿತ್ತು. ಸೀಸೆ ಎಳೆದು ಸೀರಮ್ ಸುರಿದರು. "ಏನಕ್ಕಾ ಇದು!" ಎಂದು ರೇಗಿದ ವಾರಗಿತ್ತಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳೇ ಬಿಳಿಚಿಕೊಂಡಳು. ಅರ್ಧ ಕೋಶಗಳು ಸತ್ತಿದ್ದವು. ಉಳಿದರ್ಧ ಪರೀಕ್ಷೆಗೆ ಸಾಕೋ ಸಾಲದೋ ಅನ್ನುವಷ್ಟಿತ್ತು.

ಸಾಕಾಯಿತು. ಆ ಕತ್ತರಿ ಮಗುವಿನಲ್ಲಿ ಇಲ್ಲವೆಂದು ಖಚಿತವಾಗಿ ಔಷಧಿ ಶುರುವಾಯಿತು. ಹೋದ ಮಾತು ಮರಳಲಿಲ್ಲ. ಆದರೆ ಇಂದಿಗೂ ಆ ಹುಡುಗಿ ಗೋಡೆ ಹಿಡಿದು ನಡೆಯುತ್ತಾಳೆ, ಅಮ್ಮನನ್ನು ಕರೆಯುತ್ತಾಳೆ. ಡಾಕ್ಟರು ಎಲ್ಲರೆದುರು ಮೇಡಂ ಕೈಚಳಕವನ್ನು ಹೊಗಳಿದರು. ಮೇಡಂ ನೆಲ ನೋಡುತ್ತಾ ಕೇಳಿಸಿಕೊಂಡಳು. ಅಕ್ಕ ಟ್ರೇ ಹಿಡಿದು ಅಲ್ಲೇ ನಿಂತಿದ್ದರು. ಹನ್ನೊಂದು ದಿನ ಮನೆಯಲ್ಲಿ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ.

"ಅದೆಲ್ಲ ಇರಲಿ, ನನ್ನ ವಿಷಯ ನಿಮಗೆ ಹೇಳಿದ್ದು ಯಾರು?" ಎಂದು ಅಕ್ಕ ಕೇಳುತ್ತಾರೆ. ನಮ್ಮ ಪತ್ರಿಕೆಗೆ ಬಂದ ಕಾಗದವನ್ನು ಅವರ ಕೈಗೆ ಕೊಟ್ಟದ್ದಾಯಿತು. 'ಆ ಸೀಸೆ ಉಳಿಸಿದ್ದು ನಾನಲ್ಲ, ನಮ್ಮಕ್ಕ. ಹೇಳಬೇಕಾದಾಗ ನಾನು ಹೇಳಲಿಲ್ಲ. ನೀವು ಬರೆಯಿರಿ.' ಕೆಳಗೆ ವಾರಗಿತ್ತಿಯ ಸಹಿ.

ಅಕ್ಕ ಎರಡು ಸಲ ಓದುತ್ತಾರೆ. ಕಣ್ಣು ತುಂಬುತ್ತದೆ, ಬಾಯಿ ಮಾತ್ರ ಸೋಲುವುದಿಲ್ಲ. "ನೋಡಿದ್ರಾ ಇವಳನ್ನ! ಒಳ್ಳೇತನದಲ್ಲೂ ನನ್ನನ್ನ ಹಿಂದೆ ಹಾಕಿಬಿಟ್ಲು." ಕಾಗದ ಮಡಿಸಿ ಕೋಟಿನ ಜೇಬಿಗಿಡುತ್ತಾರೆ, ವಾಪಸ್ಸು ಕೊಡುವ ಲಕ್ಷಣವಿಲ್ಲ. "ಹಾಗಾದ್ರೆ ನಾನು ಗಾಜಿನ ಹಿಂದೆ ಸುಮ್ನೆ ನಿಂತಿದ್ದನ್ನೂ ಬರೀರಿ. ಅವಳಿಗದು ಗೊತ್ತಿಲ್ಲ. ಗೊತ್ತಾಗ್ಲಿ."

ಫೋಟೋಗ್ರಾಫರ್ ಕ್ಯಾಮೆರಾ ಎತ್ತುತ್ತಾನೆ. ಅಕ್ಕ ಕೈ ಅಡ್ಡ ಹಿಡಿಯುತ್ತಾರೆ.

"ತಡಿಯಪ್ಪ, ಅವಳನ್ನೂ ಕರೀರಿ. ಇಬ್ಬರೂ ನಿಲ್ತೀವಿ. ಅವಳನ್ನ ಸ್ವಲ್ಪ ಹಿಂದೆ ನಿಲ್ಸಿ, ಅಷ್ಟೆ."