ಗಿರಣಿಯಿಂದ ಬಿಡಿಸಲಾಗದ ದನಿ

ಬಮ್ಮಿಗಟ್ಟಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಹನಮವ್ವ ನನ್ನ ನೆರೆಮನೆಯವಳು. ಜೋಳ ಬೀಸುವಾಗ ಹಾಡುವುದು ಅವಳ ರೂಢಿ. ಮೋಟರು ಗುಂಯ್ ಎಂದ ಮೇಲೆಯೇ ಬಾಯಿ ತೆರೆಯುತ್ತಿದ್ದಳು. ಕರೆಂಟು ಹೋದರೆ ಪದ ಅರ್ಧಕ್ಕೇ ನಿಲ್ಲುತ್ತಿತ್ತು. "ಮುಂದ ಹಾಡ ಬೇ" ಎಂದರೆ, "ದನಿ ಹಿಡಿಯಾಕಿ ಗಿರಣವ್ವನ ನಿಂತ್ಲು, ನಾ ಹ್ಯಾಂಗ ಹಾಡ್ಲಿ?" ಎಂದು ನಗುತ್ತಿದ್ದಳು.

ಹೋದ ವರ್ಷ ಅವಳ ಗಂಟಲಲ್ಲಿ ಗಂಟಾಯಿತು. ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದರು. ಈಗ ಕೊರಳಿನ ತೂತಿನಿಂದ ಉಸಿರಾಡುತ್ತಾಳೆ, ಮಾತೆಲ್ಲ ಕೈಸನ್ನೆ. ಮಗಳು ನಂದಾ ಹೆತ್ತಾಗ ಹನಮವ್ವನಿಗೆ ಇದ್ದದ್ದು ಒಂದೇ ಆಸೆ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ತನ್ನ ದನಿಯಲ್ಲೇ ಜೋಗುಳ ಕೇಳಿಸಬೇಕು. ಹಿಂದೊಮ್ಮೆ ನಂದಾ ಗಿರಣಿಯಲ್ಲಿ ಮೊಬೈಲಿಗೆ ತುಂಬಿಕೊಂಡಿದ್ದ ಜೋಗುಳದ ಪದವೊಂದೇ ಉಳಿದಿತ್ತು. ಅದರ ತುಂಬ ಮೋಟರಿನ ಸದ್ದು.

ನಾನು, ಹನಮವ್ವ ಇಬ್ಬರೂ ಅದನ್ನು ಹಿಡಿದು ಮೈಕ್‌ಸೆಟ್ಟಿನ ಫಕೀರೇಶನ ಅಂಗಡಿಗೆ ಹೋದೆವು.

"ಸೋಸಿ ಕೊಡ್ತೇನಿ ತಗೋ ಚಿಗವ್ವ. ಈಕ್ವಲೈಜರ್‌ನ್ಯಾಗ ಥರಾಥರಾ ಫಿಲ್ಟರ್ ಅದಾವು," ಎಂದ ಅವನು ಲ್ಯಾಪ್‌ಟಾಪಿನಲ್ಲಿ ಒಂದು ಗೆರೆ ತೋರಿಸಿದ. "ಎಡಕ್ಕ ದಪ್ಪ ದನಿ, ಬಲಕ್ಕ ಸಣ್ಣ ದನಿ. ಇದು ಲೋ ಕಟ್. ಇಲ್ಲಿಂದ ಕೆಳಗಿಂದೆಲ್ಲಾ ಹೋತು."

ಗುಡುಗುಡು ಹೋಯಿತು, ಗುಂಯ್ ಉಳಿಯಿತು. ಹೈ ಕಟ್ ಹಾಕಿ ಮೇಲಿನದನ್ನೂ ಕಡಿದ. ಗಿರಣಿಯ ಬೆಲ್ಟಿನ ಸರಸರ ನಿಂತಿತು, ಆದರೆ ಹನಮವ್ವ ಕೌದಿಯೊಳಗೆ ಹಾಡಿದಂತಾಯಿತು. ಅದನ್ನು ತೆಗೆದು ಶೆಲ್ಫ್ ಹಾಕಿದ. ಅದು ಕಡಿಯುವುದಿಲ್ಲ, ಒಂದು ಜಾಗದಿಂದಾಚೆಯ ದನಿಯನ್ನೆಲ್ಲ ಒಟ್ಟಿಗೆ ಒಂದು ಮೆಟ್ಟಿಲು ಇಳಿಸುತ್ತದೆ, ಇಲ್ಲವೇ ಏರಿಸುತ್ತದೆ. ಬೆಲ್ ಎಂಬುದು ನಡುವಿನ ಒಂದಷ್ಟನ್ನು ಗಂಟೆಯ ಆಕಾರದಲ್ಲಿ ಉಬ್ಬಿಸುತ್ತದೆ, ತಗ್ಗಿಸುತ್ತದೆ. ಹಾಡನ್ನು ಉಬ್ಬಿಸಿದರೆ ಗಿರಣಿಯೂ ಉಬ್ಬಿತು.

"ಇನ್ನ ನಾಚ್ ಒಂದ ಉಳೀತು," ಎಂದ.

"ಗಿರಣಿ ಕುಣಸ್ತಿ ಏನಲೇ?" ಎಂದೆ ನಾನು.

"ಕುಣಿಯೂ ನಾಚ್ ಅಲ್ಲ, ಬಸಕ್ಕ. ಇದು ಚಿಮಟಿಗಿ ಇದ್ದಂಗ. ಒಂದ ದನಿ ಕಿತ್ತ ತಗೀತೈತಿ, ಬಾಜೂಕಿನವು ಹಂಗ ಇರತಾವು."

ಗುಂಯ್‌ಗುಡುವ ದನಿಗಳನ್ನು ಹುಡುಕಿ ಹುಡುಕಿ ಕಿತ್ತ. ಗಿರಣಿ ನಿಂತಿತು. ಪ್ರತಿ ಸಾಲಿನ ಕೊನೆಗೆ ಹನಮವ್ವ ಇಳಿದು ನಿಲ್ಲುವ ದನಿಯೂ ಅದರೊಂದಿಗೇ ಹೋಯಿತು. ಉಳಿದದ್ದು ಡಬ್ಬಿಯೊಳಗಿನ ಪಿಸುಮಾತು. ಹನಮವ್ವ ಕೈ ಆಡಿಸಿ ಕೇಳಿದಳು: ಯಾರಿವಳು?

ಫಕೀರೇಶ ತಲೆ ಕೆರೆದುಕೊಂಡ. "ಗಿರಣಿ ದನೀನ ಶ್ರುತಿ ಮಾಡ್ಕೊಂಡೀಯಲ್ಲ ಚಿಗವ್ವ. ಅದು ಎಲ್ಲೈತಿ, ನೀನೂ ಅಲ್ಲೇ ನಿಂತಿ. ಅದನ್ನ ತಗದ್ರ ನಿನ್ನೂ ತಗದಂಗ."

"ಮತ್ತೇನರ ಮಾಡೋ," ಎಂದೆ.

"ಏನ್ ಮಾಡ್ಲಿ, ನೀನ ಹೇಳ ಬಸಕ್ಕ."

ಕೊನೆಗೆ ಅವನು ನಾಚ್ ತೆಗೆದು, ಗುಡುಗುಡುವನ್ನಷ್ಟೇ ಕಡಿದು ಕೊಟ್ಟ.

ತೊಟ್ಟಿಲ ದಿನ ನಂದಾ ಅದನ್ನು ಹಚ್ಚಿದಳು. ಮೊದಲು ಎದ್ದದ್ದು ಗುಂಯ್. ಹಾಡು ಶುರುವಾಗುವ ಮುಂಚೆಯೇ ಕೂಸು ಬೆದರಿ ಕಿರುಚಿತು.

"ಯವ್ವಾ, ಇದೇನ ಜೋಗುಳನೋ ಜ್ವಾಳಾ ಬೀಸೂದೋ?" ಎಂದಳು ನಂದಾಳ ಅತ್ತೆ. "ಬಂದ್ ಮಾಡ ನಂದಾ, ಕೂಸು ಅಂಜೈತಿ."

ನಂದಾ ತಾಯಿಯ ಮುಖ ನೋಡಿದಳು. ಆಮೇಲೆ ಬಂದ್ ಮಾಡಿದಳು.

ಹನಮವ್ವ ಬಾಯಿ ತೆರೆದಳು. ಕೊರಳಿನ ತೂತಿನಿಂದ ಬರೀ ಗಾಳಿ ಬಂತು. ಹೆಂಗಸರು ತಮಗೆ ಬರುವ ಬೇರೆ ಪದ ಎತ್ತಿಕೊಂಡರು. ಸುಮ್ಮನೆ ಕೂಡಲಾರದೆ ನಾನೂ ದನಿಗೂಡಿಸಿದೆ. ಕೂಸು ಮಲಗಿತು. ಹನಮವ್ವ ತೊಟ್ಟಿಲ ಹಗ್ಗ ಎಳೆಯುತ್ತ ನಮ್ಮ ಬಾಯಿಗಳನ್ನೇ ನೋಡುತ್ತಿದ್ದಳು.